ಬಾಗಿಲಿಗೆ ಬಾಯಿಟ್ಟು ಹೇಳಿದ ಪ್ರಾರ್ಥನೆ

ಅಪ್ಪಾ,

ನೀನು ಓದಲ್ಲ ಅಂತ ಗೊತ್ತಿದ್ದೇ ಬರೀತಿದ್ದೀನಿ. ಇದನ್ನ ಬೇರೆ ಯಾರಿಗೂ ಹೇಳೋಕಾಗಲ್ಲ.

ಇವತ್ತು ಬೆಳಿಗ್ಗೆ ಒಂದು ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ರಿಪೇರಿಗೆ ಹೋದವನು ನಾನೇ. ಒಳಗೆ ಒಬ್ಬರು ಅಜ್ಜಿ ಸಿಕ್ಕಿಹಾಕಿಕೊಂಡಿದ್ದರು. ಅವರ ಏದುಸಿರು ಬಾಗಿಲಾಚೆಗೂ ಕೇಳಿಸ್ತಿತ್ತು.

“ಹೆದರಬೇಡಿ ಅಜ್ಜಿ, ಬ್ರೇಕು ಹಿಡಿದಿದೆ, ಬೀಳಲ್ಲ,” ಅಂದೆ. “ದೇವರನ್ನ ನಂಬಲ್ಲ ಅಂದ್ರೆ ಮತ್ತೇನನ್ನೋ ನಂಬ್ತೀಯ?” ಅಂತ ನೀನು ರೇಗಿದಾಗಲೆಲ್ಲ ನಾನು ಕೊಡ್ತಿದ್ದ ಉತ್ತರವೂ ಅಂಥದ್ದೇ ತಾನೆ: ಕೈಯಿಂದ ಮುಟ್ಟಿ ನೋಡಿದ್ದನ್ನ.

“ಬ್ರೇಕಿನ ಮಾತು ಬೇಡಪ್ಪಾ. ದೇವರ ಹೆಸರು ಹೇಳು, ಜೀವ ಹೋಗ್ತಿದೆ,” ಅಂದರು.

ಮೇಲೆ ಮೆಷಿನ್ ರೂಮಿನಲ್ಲಿ ನನ್ನ ಜೊತೆಗಾರ ಕೈಯಿಂದ ಚಕ್ರ ತಿರುಗಿಸಿ ಲಿಫ್ಟನ್ನ ನಿಧಾನಕ್ಕೆ ಇಳಿಸ್ತಿದ್ದ. ನಾನು ಬಾಗಿಲಿಗೆ ಬಾಯಿಟ್ಟು, ನೀನು ದಿನಾ ಕೆಲಸಕ್ಕೆ ಹೊರಡೋ ಮುಂಚೆ ಹೇಳ್ತಿದ್ದ ಪ್ರಾರ್ಥನೆ ಶುರು ಮಾಡಿದೆ. ಒಂದು ಪದವೂ ತಪ್ಪಲಿಲ್ಲ. ಅಜ್ಜಿಯ ಉಸಿರು ಹದಕ್ಕೆ ಬಂತು.

ಹೊರಗೆ ಬಂದವರೇ ನನ್ನ ಗ್ರೀಸು ಮೆತ್ತಿದ ಕೈ ಹಿಡಿದುಕೊಂಡು, “ಎಂಥಾ ನಂಬಿಕೆ ಮಗನೇ ನಿಂದು!” ಅಂದರು. ನಾನು ಅವರನ್ನ ಕೂರಿಸಿ ನೀರು ಕೊಟ್ಟೆ.

ದೇವರಿದ್ದಾನೆ ಅಂತ ನನಗೆ ಈಗಲೂ ಅನ್ನಿಸಲ್ಲ ಅಪ್ಪಾ. ಹೆದರಿದವರನ್ನ ಒಂಟಿಯಾಗಿ ಬಿಡಬಾರದು, ನನ್ನ ಧರ್ಮ ಅಂತ ಏನಾದರೂ ಇದ್ದರೆ ಅಷ್ಟೇ. ಅಜ್ಜಿಗಾಗಿ ಹೇಳಿದ ಆ ಪ್ರಾರ್ಥನೆ ಸುಳ್ಳೋ ನಿಜವೋ, ಸಂಜೆಯಿಂದ ಯೋಚಿಸ್ತಿದ್ದೀನಿ, ಬಗೆಹರೀತಿಲ್ಲ.

ಆಸ್ಪತ್ರೆಯಲ್ಲಿ ಕೊನೆಗೆ ನಿನ್ನ ತುಟಿ ಅಲ್ಲಾಡ್ತಿತ್ತು, ಸ್ವರ ಹೊರಡ್ತಿರಲಿಲ್ಲ. ನಾನು ಪಕ್ಕದಲ್ಲೇ ಸುಮ್ಮನೆ ಕೂತಿದ್ದೆ. ಆ ಪ್ರಾರ್ಥನೆ ನನಗೂ ಬಾಯಿಪಾಠ ಬರುತ್ತೆ ಅಂತ ನಿನಗೆ ಗೊತ್ತೇ ಇರಲಿಲ್ಲ, ಅಲ್ವಾ?