ಬೋರ್ಡಿನ ಮೇಲಿನ ಫೋಟೋ

ಒಂಟಿಕೊಪ್ಪಲು, ಮೈಸೂರು
ಸೋಮವಾರ

ಯೋಗಶಾಲೆಯ ಶೇಷಾದ್ರಿ ಗುರುಗಳಿಗೆ, ಮಂಗಳಗೌರಿಯ ತಾಯಿ ಪುಟ್ಟಚನ್ನಮ್ಮ ಮಾಡುವ ನಮಸ್ಕಾರಗಳು.

ನೆನ್ನೆ ಮತ್ತೆ ಅದೇ ಕೆಟ್ಟ ಕನಸು ಬಿತ್ತು. ಅಂಗಾಲು ಕೂಡಿಸಿ ಕೂತ ಮಗಳ ತೊಡೆಗಳ ಮೇಲೆ ನೀವು ಹತ್ತಿ ನಿಂತಿದ್ದಿರಿ. ನಾನು ಬಾಗಿಲಲ್ಲಿ ಅವಳ ಚಪ್ಪಲಿ ಹಿಡಿದು ಸುಮ್ಮನೆ ನೋಡುತ್ತಿದ್ದೆ. ಹೋದ ವರ್ಷ ಆಗಿದ್ದೂ ಹಾಗೆಯೇ.

"ಗುರುಗಳೇ, ನನ್ ಸೊಂಟ ಹುಟ್ಟಿದಾಗಿಂದ್ಲೂ ಸೊಟ್ಟ. ಮಂಡಿ ಕೆಳಗೆ ದಿಂಬು ಇಟ್ಕೊಳ್ಲಾ?" ಎಂದು ಅವಳು ಕೇಳಿದಳು.

"ದಿಂಬು ಬೇಕಿದ್ರೆ ಮನೇಲಿ ಮಲ್ಕೋ ತಾಯಿ. ಇಲ್ಲಿ ಎಲ್ರಿಗೂ ಒಂದೇ ಆಸನ" ಅಂದಿರಿ.

ಎಲ್ಲರೂ ನಕ್ಕರು. ನಗದಿದ್ದರೆ ನೀವು ಬೇಸರ ಮಾಡಿಕೊಳ್ಳುತ್ತೀರೇನೋ ಎಂದು ನಾನೂ ನಕ್ಕೆ. ಆಗ ನೀವು ತೊಡೆ ಹತ್ತಿ ನಿಂತಿರಿ, ಅವಳ ಸೊಂಟ ಲಟಕ್ಕೆಂದಿತು. ಅಂದಿನಿಂದ ಅವಳು ಗಾಲಿಕುರ್ಚಿಯಲ್ಲೇ ಇದ್ದಾಳೆ.

ಈಗ ನೀವೇ ಕುರ್ಚಿ ಯೋಗ ಶುರು ಮಾಡಿ, ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದೀರಿ. ಕೇಳದೆಯೇ ದಿಂಬು ಕೊಡುತ್ತೀರಿ. ಬೆನ್ನುನೋವು ಕಡಿಮೆಯಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಗೇಟಿನ ಬೋರ್ಡಿನಲ್ಲಿ ಅವಳ ಫೋಟೋ ಹಾಕಿ, ಕೆಳಗೆ "ನಡೆಯಲಾರದೆ ಬಂದವಳು, ಇಂದು ಯೋಗ ಮಾಡುತ್ತಾಳೆ" ಎಂದು ಬರೆಸಿದ್ದೀರಿ. ಅವಳು ಅದನ್ನು ಓದಿ, "ಅಮ್ಮ, ನಾನ್ ಹೆಂಗ್ ಬಂದೆ ಅಂತ ನಂಗೇ ಮರ್ತೋಗಿದ್ಯಾ?" ಅಂದಳು.

ಜಗಳಕ್ಕೆ ಬರೆದಿದ್ದಲ್ಲ. ನಾನು ನಾಲ್ಕನೇ ಕ್ಲಾಸಿಗೆ ಓದು ಬಿಟ್ಟವಳು, ತಪ್ಪಿದ್ದರೆ ಕ್ಷಮಿಸಿ. ಸೇರುವಾಗ ಕೊಟ್ಟ ಅರ್ಜಿಯಲ್ಲಿ "ಮನೆಯಿಂದ ದಿನಾ ನಡೆದು ಬರುತ್ತೇನೆ" ಎಂದು ಮಗಳೇ ಬರೆದಿದ್ದಳು. ಆ ಒಂದು ಸಾಲನ್ನು ದಯವಿಟ್ಟು ಇನ್ನೊಮ್ಮೆ ನೋಡಿ.

ಇಂತಿ,
ಪುಟ್ಟಚನ್ನಮ್ಮ