ಸಾಹೇಬರು ಕೆರೆ ನೋಡಿದ ದಿನ

೪ ಜನವರಿ ೧೯೩೪, ಬೆಳಿಗ್ಗೆ
ಚಹಾ ಕಾಸಿದೆ. ಸೋಸುವ ಬಟ್ಟೆ ಸಿಗಲಿಲ್ಲ. ನನ್ನವಳು ಎಲ್ಲಿಡುತ್ತಿದ್ದಳೋ — ಕಣ್ಣು ಮುಚ್ಚುವಾಗ ಹೇಳಲಿಲ್ಲ. ಮೂರು ವರ್ಷವಾಯಿತು. ಕೆರೆಗೆ ಹೋಗಿ ಬಂದೆ. ನೀರು ಕಾಣದಷ್ಟು ಬಾತುಗಳು. ಬಾತಿನ ಹಿಂಡಿಗೆ ಇಂಗ್ಲೀಷಿನಲ್ಲಿ ಒಂದು ಬೇರೆಯೇ ಶಬ್ದವಿದೆ. ಕಾಲೇಜಿನಲ್ಲಿ ಕಲಿತದ್ದು... ನೆನಪಾಗಲಿಲ್ಲ.

೯ ಜನವರಿ
ಗೌಡ ದ್ಯಾಮಣ್ಣ ನೋಟೀಸು ತಂದ, ಓದಿಸಿಕೊಳ್ಳಲು. ನಮ್ಮ ಕೆರೆಯಲ್ಲಿ ಬೇಟೆ ಕೂಡದೆಂಬ ಹುಕುಂ ಇನ್ನು ಬೇಡವೆಂದು ಯಾರೋ ಅರ್ಜಿ ಹಾಕಿದ್ದಾರೆ. ೧೮ಕ್ಕೆ ಸರಕಾರದ ಸಾಹೇಬರು ಕೆರೆ ನೋಡಲು ಬರುತ್ತಾರೆ. ಹಕ್ಕಿ ಕಂಡರೆ ಹುಕುಂ ಉಳಿಯುತ್ತದೆ. ಇಲ್ಲದಿದ್ದರೆ ರದ್ದು.
ಕೆರೆಯ ಜೇಕು ಕೊಯ್ದು ಚಾಪೆ ಹೆಣೆಯುವ ಗುಲಾಬಸಾಬ ಅಲ್ಲೇ ಇದ್ದ.
“ನಮ್ಮಪ್ಪನ ಕಣ್ಣು ಹೋಗಿದ್ದು ಮರತ್ರೇನು ಮಾಸ್ತರ್ರ? ಜೇಕಿನ್ಯಾಗ ಇದ್ದಾಂವ ಮನಷ್ಯಾನೋ ಬಾತೋ, ಬಂದೂಕಿಗೇನ್ ಗೊತ್ರಿ!”

೧೧ ಜನವರಿ
ಚಾವಡಿಯಲ್ಲಿ ಸಭೆ. ದ್ಯಾಮಣ್ಣ: “ಸಾಹೇಬ್ರು ಬರೂದಂದ್ರ ಬರೇ ಹಾರ ಸಾಕೇನ್ರಿ?” ನಾನೇ ಹೇಳಿದೆ — ಊರಿನ ಕರಡಿಮಜಲು ವಾದ್ಯಮೇಳ ಬರಲಿ, ಕೆರೆಯ ಏರಿಯ ಮೇಲೆ ಬಾರಿಸುತ್ತ ಎದುರುಗೊಳ್ಳಲಿ. ಗ್ರ್ಯಾಂಡ್ ರಿಸೆಪ್ಶನ್. ಎಲ್ಲರೂ ಒಪ್ಪಿದರು. ಗುಲಾಬಸಾಬನೂ.

೧೮ ಜನವರಿ, ಸಂಜೆ
ದೂರದಲ್ಲಿ ಮೋಟಾರಿನ ಧೂಳು ಕಂಡಿತು. ಮಜಲು ಶುರು. ಮೊದಲ ಪೆಟ್ಟಿಗೇ ಬಾತುಗಳು ಎದ್ದವು... ಎಲ್ಲವೂ. ಬಾರಿಸುವವರಿಗೆ ಹುರುಪು, ನಿಲ್ಲಿಸಿರೆಂದು ಕೈಸನ್ನೆ ಮಾಡಿದರೆ ಇನ್ನೂ ಜೋರು. ಸಾಹೇಬರು ಇಳಿದಾಗ ನೀರಿನ ಮೇಲೆ ನಾಲ್ಕು ಬೆಳ್ಳಕ್ಕಿ.
“ವೇರ್ ಆರ್ ದಿ ಬರ್ಡ್ಸ್, ಮಾಸ್ಟರ್?”
“ಸರ್, ದೇ ವರ್...” ಮುಂದೆ ಇಂಗ್ಲೀಷು ಬರಲಿಲ್ಲ.
ಕಾಲು ತಾಸು ನಿಂತರು. ಹಾರ ಹಾಕಿಸಿಕೊಂಡರು. ಹೋದರು.
ನಾಲ್ಕು ಗಂಟೆಗೆ ಗುಲಾಬಸಾಬ ಬಾಗಿಲಿಗೆ ಬಂದ. “ಬಂದಾವ್ರಿ ನಿಮ್ಮ ಬಾತು. ಮಜಲು ಮುಗೀತೇನು ಅಂತ ಕೇಳಾಕತ್ತಾವು.”

೧೦ ಫೆಬ್ರುವರಿ
ಕಾಗದ ಬಂತು. ಕಂಡ ಹಕ್ಕಿ: ನಾಲ್ಕು. ಮಾರ್ಚ್ ಒಂದರಿಂದ ಹುಕುಂ ರದ್ದು. ತಕರಾರಿದ್ದರೆ ೨೦ರೊಳಗೆ.
ದ್ಯಾಮಣ್ಣನ ಉಪಾಯ: “ಯಾವ್ದೋ ಮದವಿ ದಿಬ್ಬಣ ಹೊಂಟಿತ್ತು, ಅದಕ್ಕ ಹೆದರಿ ಹಾರಿದ್ವು ಅಂತ ಬರೀರಿ. ನಿಮ್ಮ ಹೆಸರ ಯಾಕ ಕೆಡಬೇಕು?”
ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿದ ಹೆಸರು.

೧೯ ಫೆಬ್ರುವರಿ, ಮಧ್ಯಾಹ್ನ
ತಕರಾರು ಅರ್ಜಿಯಲ್ಲಿ ದಿಬ್ಬಣ ಎಂದೇ ಬರೆದಿದ್ದೆ. ಆದರೆ ಸಾಹೇಬರಿಗೆ ಹಾರ ಹಾಕಿದ್ದು ಅದೇ ಮಜಲಿನ ಎದುರು. ನಂಬುತ್ತಾರೆಯೇ?
ಗುಲಾಬಸಾಬ ಬಂದ. ಅರ್ಜಿಗೆ ತಾನೂ ಹೆಬ್ಬೆಟ್ಟು ಒತ್ತಬೇಕಂತೆ. ಇನ್ನೂ ಪೂರ್ತಿಯಾಗಿಲ್ಲ ಎಂದೆ. ಖಾಲಿ ಹಾಳೆ ಎಳೆದುಕೊಂಡು ಅದರ ಕೆಳಗೇ ಒತ್ತಿದ.
“ನನಗ ಓದಾಕ ಬರೂದಿಲ್ರಿ. ನೀವು ಖರೇ ಬರೀರಿ, ಅಷ್ಟ.”
ಹೋದ. ಜೇಕು ಕೊಯ್ಯುವುದಿತ್ತು.
ದಿಬ್ಬಣದ ಕಾಗದ ಹರಿದೆ. ಅವನ ಹಾಳೆಯ ಮೇಲೆಯೇ ಶುರುಮಾಡಿದ್ದೇನೆ. ಮೋಸ್ಟ್ ಹಂಬ್ಲಿ ಐ ಬೆಗ್ ಟು ಸ್ಟೇಟ್ — ದಿ ಡ್ರಮ್ಸ್ ವರ್ ಆರ್ಡರ್ಡ್ ಬೈ —