ಹನ್ನೊಂದು ಅಡಿ ಆಳದ ಒಳಲೆ

ವಸ್ತುಸಂಗ್ರಹಾಲಯದ ನಿರ್ದೇಶಕರಾದ ಮಾನ್ಯರೇ,

ಮೂರನೇ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿರುವ ಮಣ್ಣಿನ ಒಳಲೆಯ ವಯಸ್ಸನ್ನು ತಾವು ಒಂದೇ ಮಧ್ಯಾಹ್ನದಲ್ಲಿ ಸಾವಿರದ ನೂರ ತೊಂಬತ್ತೊಂಬತ್ತು ವರ್ಷ ಇಳಿಸಿದ್ದೀರಿ. ಅದನ್ನು ಪೆನ್ಸಿಲಿನಿಂದ ತಿದ್ದಿದ್ದಕ್ಕೆ ‘ಸಂಸ್ಥೆಯ ಆಸ್ತಿ ಕೆಡಿಸಿದ’ ಮೆಮೊ ನನಗೆ ಕೊಟ್ಟಿದ್ದೀರಿ. ಹದಿನೈದು ದಿನದೊಳಗೆ ಉತ್ತರಿಸಬೇಕಂತೆ. ಇದೇ ಉತ್ತರ. ಕಚೇರಿಯ ಟಪಾಲಿಗೆ ಹಾಕಿದರೆ ತಮ್ಮ ಮೇಜು ತಲುಪುವಷ್ಟರಲ್ಲಿ ಇದೂ ಪ್ರಾಚ್ಯವಸ್ತುವಾದೀತೆಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ಫಲಕಗಳಲ್ಲಿ ‘ಕ್ರಿಸ್ತಶಕ’ ಬೇಡ, ‘ಸಾಮಾನ್ಯ ಶಕ’ ಇರಲಿ ಎಂಬ ತಮ್ಮ ಆದೇಶಕ್ಕೆ ನನ್ನ ತಕರಾರಿಲ್ಲ. ವರ್ಷ ಎಣಿಸುವವರು ಎಲ್ಲ ಮತದವರೂ ಇದ್ದಾರೆ. ಹೆಸರೂ ಎಲ್ಲರಿಗೂ ಸಲ್ಲಲಿ. ಎಣಿಕೆ ಶುರುವಾಗುವ ಜಾಗ ಅದೇ, ಅಂಕಿಯೂ ಅದೇ. ಆದರೆ ಆ ಜಾಗಕ್ಕೆ ಎರಡು ಕಡೆಗಳಿವೆಯಲ್ಲ, ಮಾನ್ಯರೇ? ‘ಕ್ರಿಸ್ತಪೂರ್ವ’ ಎಂದಿದ್ದದ್ದು ‘ಸಾಮಾನ್ಯ ಶಕ ಪೂರ್ವ’ ಆಗಬೇಕಿತ್ತು. ತಾವು ಅಚ್ಚು ಹಾಕಿಸಿ ತರಿಸಿದ್ದು ಒಂದೇ ಬಗೆಯ ಚೀಟಿ. ಗುತ್ತಿಗೆಯವರು ಬಂದು, ಅಂಕಿಯ ಎಡಗಡೆ ಏನೇ ಬರೆದಿದ್ದರೂ ಅದರ ಮೇಲೆ ‘ಸಾಮಾನ್ಯ ಶಕ’ ಅಂಟಿಸಿ ಹೋದರು. ನಲವತ್ತೊಂದು ವಸ್ತುಗಳು ಆ ಕಡೆಯಿಂದ ಈ ಕಡೆಗೆ ಬಂದು ಕೂತವು. ಒಳಲೆಯ ‘ಕ್ರಿಸ್ತಪೂರ್ವ ೬೦೦’ ಈಗ ‘ಸಾಮಾನ್ಯ ಶಕ ೬೦೦’ ಆಗಿದೆಯೆಂದು ನಾನು ಸೂಪರಿಂಟೆಂಡೆಂಟರ ಬಳಿಗೆ ಓಡಿದೆ.

“ಅಂಕಿ ಏನಾದ್ರೂ ಬದಲಾಗಿದ್ಯೇನಮ್ಮ?”

“ಇಲ್ಲ ಸಾರ್, ಆದ್ರೆ...”

“ಮತ್ತೆ? ಆರುನೂರು ಇದ್ದದ್ದು ಆರುನೂರೇ ಇದೆ. ಯಾಕೆ ಸುಮ್ನೆ ತಲೆ ತಿಂತೀರಾ?”

ಲಿಫ್ಟಿನಲ್ಲಿ ನೆಲಮಾಳಿಗೆಯ ಗುಂಡಿ ಒತ್ತಿದ ತಮ್ಮನ್ನು ಮೊದಲನೇ ಮಹಡಿಯಲ್ಲಿ ಇಳಿಸಿ, ಎರಡೂ ಒಂದೊಂದೇ ಅಂತಸ್ತು ತಾನೇ ಎಂದರೆ ತಾವು ಒಪ್ಪುತ್ತೀರಾ?

ಆ ಒಳಲೆಯನ್ನು ಮಣ್ಣಿನಿಂದ ಬಿಡಿಸಿದವನು ನನ್ನ ಅಣ್ಣ. ಉತ್ಖನನದಲ್ಲಿ ದಿನಗೂಲಿಗೆ ಅಗೆಯುತ್ತಿದ್ದ. ಸಾಮಾನ್ಯ ಶಕ ಆರುನೂರರ ಮಡಕೆಗಳು ಮೊದಲ ವಾರವೇ ಸೊಂಟದಾಳದಲ್ಲಿ ಸಿಕ್ಕಿದ್ದವು. ಅಗೆಸುತ್ತಿದ್ದ ಸಾಹೇಬರಿಗೆ ಅದಕ್ಕೂ ಹಳೆಯದು ಬೇಕಿತ್ತು. ಇನ್ನೂ ಕೆಳಗೆ ಇಳಿಯಲು ಹೇಳಿದರು, ಇಳಿದ. ಹನ್ನೊಂದು ಅಡಿಯಲ್ಲಿ, ಎಂದೋ ಯಾವುದೋ ಕೂಸಿಗೆ ಹಾಲು ಕುಡಿಸಿದ ಈ ಪುಟ್ಟ ಪಾತ್ರೆ, ಮೂತಿಯೂ ಮುಕ್ಕಾಗದೆ ಸಿಕ್ಕಿತು. “ಮೊದಲು ಇದನ್ನ ಹಿಡ್ಕೊಳ್ಳಿ, ಒಡೆದುಹೋದೀತು” ಎಂದು ಮೇಲಕ್ಕೆ ಚಾಚಿದನಂತೆ. ಮೇಲಿದ್ದವರು ಹಿಡಿದುಕೊಂಡರು. ಅಷ್ಟರಲ್ಲಿ ಗುಂಡಿಯ ಗೋಡೆ ಅವನ ಮೇಲೆ ಕುಸಿಯಿತು. ಒಳಲೆ ಉಳಿಯಿತು. ಅಣ್ಣನ ಸಾವಿಗೆ ಪರಿಹಾರವೆಂದು ನನಗೆ ಇಲ್ಲಿ ಫಲಕ ಬರೆಯುವ ಕೆಲಸ ಸಿಕ್ಕಿತು. ‘ಕ್ರಿಸ್ತಪೂರ್ವ ೬೦೦’ ಎಂದು ಅದರ ಫಲಕ ಬರೆದವಳೂ ನಾನೇ. ಅದಕ್ಕೆ ಮೂರು ಹಲಗೆ ಹಾಳು ಮಾಡಿದೆ. ಆಗ ಯಾರೂ ಮೆಮೊ ಕೊಡಲಿಲ್ಲ.

ಕಳೆದ ಭಾನುವಾರ ಅತ್ತಿಗೆ ಬಂದಿದ್ದಳು. ವರ್ಷಕ್ಕೊಮ್ಮೆ ಬರುತ್ತಾಳೆ, ಟಿಕೆಟ್ ಕೊಂಡೇ ಒಳಗೆ ಬರುತ್ತಾಳೆ. ಹೊಸ ಫಲಕವನ್ನು ಎರಡೆರಡು ಸಲ ಓದಿ, ಪಕ್ಕದ ಪೆಟ್ಟಿಗೆಯ ಮಡಕೆಗಳ ಫಲಕವನ್ನೂ ಓದಿ ನನ್ನತ್ತ ತಿರುಗಿದಳು.

“ಇದೂ ಆ ಮಡಕೆಗಳ ಕಾಲದ್ದೇ ಅಂತಿದೆಯಲ್ಲೇ. ಅವು ಮೇಲೇನೇ ಸಿಕ್ಕಿದ್ವಲ್ಲ. ಹಾಗಾದ್ರೆ ಇವರು ಅಷ್ಟು ಕೆಳಗೆ ಯಾಕೆ ಇಳಿದ್ರು?”

ಅವಳು ನೋಡುತ್ತಿದ್ದಂತೆಯೇ ಬೀಗ ತೆಗೆದು ತಮ್ಮ ಚೀಟಿಯ ಪಕ್ಕದಲ್ಲಿ ‘ಪೂರ್ವ’ ಎಂದು ಬರೆದೆ. ಇದೇ ನನ್ನ ಅಪರಾಧ. ತಪ್ಪೊಪ್ಪಿಗೆ ಬೇಕಿದ್ದರೆ ಇಗೋ, ಒಪ್ಪಿದೆ; ನಾಳೆಯೂ ಬರೆಯುತ್ತೇನೆ.

ಮೆಮೊ ಹಿಂದಕ್ಕೆ ಪಡೆಯಿರೆಂದು ಕೇಳುತ್ತಿಲ್ಲ. ನಲವತ್ತೊಂದೂ ಫಲಕಗಳನ್ನು ಈ ತಿಂಗಳೊಳಗೆ ಸರಿಪಡಿಸಿ. ಇಲ್ಲ, ತಮ್ಮ ಚೀಟಿಯೇ ಸರಿ ಎನ್ನುವುದಾದರೆ, ಸಂಸ್ಥೆಯ ಮೊಹರು ಒತ್ತಿ, ತಮ್ಮ ಕೈಯಾರೆ ರುಜು ಹಾಕಿ ಅತ್ತಿಗೆಗೆ ಒಂದು ಕಾಗದ ಬರೆದುಕೊಡಿ: ನಿನ್ನ ಗಂಡ ಸೊಂಟದಾಳಕ್ಕಿಂತ ಕೆಳಗೆ ಇಳಿಯುವ ಅಗತ್ಯವೇ ಇರಲಿಲ್ಲ, ಎಂದು.

ಇಂತಿ,
ತಮ್ಮ ಸಂಸ್ಥೆಯ ಆಸ್ತಿಯನ್ನು ಎರಡಕ್ಷರದಷ್ಟು ಕೆಡಿಸಿದ,
ಫಲಕ ಬರೆಯುವವಳು